ಕತ್ತಲೆಯ ಲೆಕ್ಕದಲ್ಲಿ ಬಿಟ್ಟುಹೋದ ಕಂಬ

ಲೆಕ್ಕ ತಪ್ಪಿದವನಿಗಿಂತ ಲೆಕ್ಕ ಸರಿಯಾಗಿ ಬಂದವನೇ ಅಪಾಯದ ಮನುಷ್ಯ. ಅವನು ಯಾರ ಮಾತೂ ಕೇಳುವುದಿಲ್ಲ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಯಲಬುರ್ಗಾದ ಒಂದು ಕಚೇರಿಯಲ್ಲಿ ಹಗಲೆಲ್ಲ ಬೀದಿದೀಪದ ಅರ್ಜಿಗಳನ್ನು ನೋಡುವ ಗುಮಾಸ್ತ ನಾನು. ಸಂಜೆಯಾದರೆ ಕ್ಯಾಮೆರಾ ಹೆಗಲಿಗೇರಿಸಿ, ನಕ್ಷತ್ರಗಳ ಫೋಟೊ ತೆಗೆಯಲು ಒಳ್ಳೆಯ ಕತ್ತಲೆ ಎಲ್ಲಿದೆ ಎಂದು ಹುಡುಕುತ್ತೇನೆ. ಸಂಬಳ ಬೆಳಕಿನದು, ಚಟ ಕತ್ತಲೆಯದು.

ಈ ಸಲ ಮಾತು ಬೇರೆ ಕೊಟ್ಟುಬಿಟ್ಟಿದ್ದೆ. ಸೋಮವಾರ ಮಗಳ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. "ನಮ್ಮಪ್ಪ ಆಕಾಶಗಂಗೆ ಫೋಟೊ ತಗದು ಕೊಡ್ತಾನ್ರಿ" ಎಂದು ಅವಳು ಇಡೀ ಎಂಟನೇ ಕ್ಲಾಸಿನೆದುರು ಹೇಳಿ ಬಂದಿದ್ದಳು. ಸೂರ್ಯ ಮುಳುಗಿ ಹದಿನೆಂಟು ಡಿಗ್ರಿ ಕೆಳಗಿಳಿದು ಪೂರ್ತಿ ಕತ್ತಲಾಗುವುದು ಯಾವಾಗ, ಚಂದ್ರ ಹುಟ್ಟುವುದು ಯಾವಾಗ, ಎಲ್ಲವನ್ನೂ ನಾಲ್ಕು ಸಂಜೆ ಕೂತು ಕೂಡಿ ಕಳೆದು, ಶನಿವಾರವೇ ಸರಿ ಎಂದು ಘೋಷಿಸಿದೆ. ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಲೇ, "ಶನಿವಾರ ಅಮಾಸಿ ಐತಿ. ಗ್ವಾಡಿಮ್ಯಾಲೆ ಕ್ಯಾಲೆಂಡರ್ ಐತಲ್ರಿ. ನನ್ನ ಕೇಳಿದ್ರ ನಾಕು ದಿನ ಉಳೀತಿದ್ವು" ಎಂದಳು. ಕೇಳಿಸದವನಂತೆ ನಿಮಿಷಗಳ ಕಡೆ ಹೊರಳಿದೆ. ಏಳೂ ಮುಕ್ಕಾಲಕ್ಕೆ ಅಪ್ಪಟ ಕತ್ತಲೆ, ಒಂಬತ್ತರವರೆಗೆ ಆಕಾಶಗಂಗೆ ಚೆನ್ನಾಗಿ ಕಾಣುವ ಹೊತ್ತು. ಇದು ಕ್ಯಾಲೆಂಡರಿನಲ್ಲಿ ಇರಲಿಲ್ಲವಲ್ಲ!

ಜಾಗವನ್ನೂ ಆರಿಸಿದ್ದೆ: ಕುಷ್ಟಗಿ ದಾರಿಯ ಒಂದು ಕ್ರಾಸ್. ಸುತ್ತ ಎರೆಹೊಲ, ಒಂದು ಮನೆಯಿಲ್ಲ. ವಾರದ ಹಿಂದೆ ಮಟಮಟ ಮಧ್ಯಾಹ್ನ ಹೋಗಿ, ಅಲ್ಲಿದ್ದ ಕಂಬವೊಂದಕ್ಕೆ ಬೆನ್ನು ಕೊಟ್ಟು ಕುಳಿತು, ಆಕಾಶಗಂಗೆ ಕಾಣುವ ದಿಕ್ಕನ್ನು ಗುರುತಿಸಿಕೊಂಡು ಬಂದಿದ್ದೆ. ಶನಿವಾರ ಬಸ್ಸಿಳಿದು ಟ್ರೈಪಾಡ್ ಊರಿದೆ. ಏಳು ಗಂಟೆಗೆ ಅದೇ ಕಂಬದ ತುದಿಯಲ್ಲಿ ದೀಪ ಭಗ್ಗನೆ ಹೊತ್ತಿಕೊಂಡಿತು. ನನ್ನ ಟೊಪ್ಪಿಗೆಯ ನೆರಳು ರಸ್ತೆ ದಾಟಿತು. ಹೊಲಕ್ಕಿಳಿಯೋಣವೆಂದರೆ ಮೊನ್ನೆಯ ಮಳೆಗೆ ಎರೆಮಣ್ಣು ಚಪ್ಪಲಿಯನ್ನೇ ಕಸಿದುಕೊಂಡಿತು.

ಆಗ ನೆನಪಾಯಿತು. "ಸದರಿ ಕ್ರಾಸಿನಲ್ಲಿ ಕತ್ತಲೆಯಿಂದ ಪ್ರಯಾಣಿಕರಿಗೆ ತೀವ್ರ ತೊಂದರೆ" ಎಂದು ಷರಾ ಬರೆದು ದೀಪಕ್ಕೆ ಶಿಫಾರಸು ಮಾಡಿದವನು ನಾನೇ! ಹದಿನಾರು ವರ್ಷದ ನೌಕರಿಯಲ್ಲಿ ನನ್ನ ಷರಾಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದು ಅದೊಂದೇ ಸಲ.

ಎಂಟಾಗುತ್ತ ಬಂದಂತೆ ಮಗಳ ಮುಖ ಕಣ್ಮುಂದೆ ಬಂತು. ನಮ್ಮ ಕಚೇರಿಯ ದೀಪಗಳನ್ನು ನೋಡಿಕೊಳ್ಳುವ ಖಾಜಾಸಾಬನಿಗೆ ಫೋನ್ ಹಚ್ಚಿದೆ. "ನೀವು ಹೂಂ ಅನ್ರಿ ಸಾಹೇಬ್ರ, ಅರ್ಧ ತಾಸು ಆರಿಸ್ತೀನಿ. ಆದ್ರ ಎಂಟರ ಬಸ್ ಬರ್ತೈತಿ, ನೋಡ್ರಿ ಮತ್ತ" ಎಂದ. ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಖಾಲಿ ಬುಟ್ಟಿ ಹಿಡಿದು ಇಳಿದವಳು ಸೊಪ್ಪು ಮಾರುವ ಶರಣಮ್ಮ. ದೀಪ ಬೇಕೆಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದವಳು ಅವಳೇ.

"ಅಯ್ಯ ಸಾಹೇಬ್ರ, ನೀವ ಬಂದೀರಲ್ರಿ! ಈಗ ಕಾಲಾಗ ಹುಳಾ ಐತೋ ಹಗ್ಗ ಐತೋ ಕಾಣ್ತೈತಿ ನೋಡ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ. ಲೈಟಿನ ಫೋಟೊ ಹೊಡಿಯಾಕ ಬಂದೀರೇನು?"

"ಹೂಂ" ಅಂದೆ. ಆಕಾಶ ನೋಡುತ್ತಿದ್ದ ಕ್ಯಾಮೆರಾವನ್ನು ಕಂಬದ ಕಡೆ ತಿರುಗಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಕಂಬದ ಕೆಳಗೆ ನೆಟ್ಟಗೆ ನಿಂತಳು. ಫೋನಿನಲ್ಲಿ ಖಾಜಾಸಾಬ, "ಹೂಂ ಅಂದ್ರಲ್ರಿ, ಆರಿಸ್ಲೇನು?" ಎಂದ. "ಬ್ಯಾಡೋ ಯಪ್ಪಾ, ಅದು ನಿನಗಲ್ಲ" ಎಂದು ಕಿರುಚಿದೆ.

ವಸ್ತುಪ್ರದರ್ಶನಕ್ಕೆ ಶರಣಮ್ಮ ದೀಪದ ಕೆಳಗೆ ನಿಂತ ಆ ಫೋಟೊವೇ ಹೋಯಿತು; ಮಗಳು ಎರಡು ದಿನ ಮಾತು ಬಿಟ್ಟಳು. ನಮ್ಮ ಸಾಹೇಬರು ಮಾತ್ರ ಮೆಚ್ಚಿ, ಕಾಮಗಾರಿ ಮುಗಿದದ್ದಕ್ಕೆ ಸಾಕ್ಷಿಯೆಂದು ಅದನ್ನು ಕಡತಕ್ಕೆ ಲಗತ್ತಿಸಿದರು.

ಮೊನ್ನೆ ಶರಣಮ್ಮನ ಹೊಸ ಅರ್ಜಿ ಬಂತು: ಕ್ರಾಸಿನ ದೀಪ ಕೆಟ್ಟಿದೆ. ತಕ್ಷಣ ಖಾಜಾಸಾಬನನ್ನು ಕಳಿಸಿದೆ. ತಕ್ಷಣವೆಂದರೆ, ಅಮಾವಾಸ್ಯೆ ಯಾವಾಗ ಎಂದು ಗಿರಿಜಾಗೆ ಫೋನ್ ಮಾಡಿ ಕೇಳಿದ ಮೇಲೆ. "ಇನ್ನೂ ಹನ್ನೊಂದು ದಿನ ಐತ್ರಿ" ಅಂದಿದ್ದಳು.