ಕಾರಿಗೆ ಪಂಖಾ ಬೇಕೆ?

ಜಗತ್ತಿನಲ್ಲಿ ಸೋತವರಿಂದ ಆಗಿರುವ ಅನಾಹುತ ಕಡಿಮೆ. ಸೋತವನು ಮನೆಗೆ ಹೋಗಿ, ಕೈಕಾಲು ತೊಳೆದುಕೊಂಡು, ರೊಟ್ಟಿ ತಿಂದು ಮಲಗುತ್ತಾನೆ. ಗೆದ್ದವನೇ ಅಪಾಯದ ಮನುಷ್ಯ. ಗೆದ್ದದ್ದನ್ನು ಆಚರಣೆಗೆ ತರಲು ಹೊರಡುತ್ತಾನೆ. ಇದನ್ನು ನಾನು ಗೆದ್ದವನಾಗಿಯೇ ಹೇಳುತ್ತಿದ್ದೇನೆ. ವಿಜಾಪುರದ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಸೋತದ್ದು ಒಂದೇ ಸಲ, ಅದೂ ತೀರ್ಪುಗಾರರಲ್ಲಿ ಒಬ್ಬರಿಗೆ ಕಿವಿ ಮಂದವಾಗಿದ್ದರಿಂದ. ನಮ್ಮಲ್ಲಿ ಚೀಟಿ ಎತ್ತಿ ಪಕ್ಷ ಹಂಚುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಚರಕವೇ ದೇಶದ ಉಸಿರೆಂದು ಸಾಧಿಸಿ, ಮಧ್ಯಾಹ್ನ ಯಂತ್ರವಿಲ್ಲದೆ ದೇಶಕ್ಕೆ ಉಸಿರೇ ಇಲ್ಲವೆಂದು ಸಾಧಿಸಿದ್ದೇನೆ; ಎರಡಕ್ಕೂ ಅದೇ ಸಭೆ ಚಪ್ಪಾಳೆ ತಟ್ಟಿದೆ. ದೇವರಿಂದ ಹಿಡಿದು ಹಲ್ಲಿಶಕುನದವರೆಗೆ ಯಾವುದನ್ನೂ ಪುರಾವೆ ಕೇಳದೆ ಬಿಟ್ಟವನಲ್ಲ. ಹೀಗೆ ಹರಿತವಾದ ಬುದ್ಧಿಯನ್ನು ಹೊತ್ತು ಬಿ.ಎ. ಮುಗಿಸಿ ಇಂಡಿಗೆ ಬಂದರೆ, ಅದನ್ನು ಪ್ರಯೋಗಿಸಲು ಸಿಕ್ಕದ್ದು ಎರಡೇ: ನಮ್ಮ ಕಾಕಾ, ಮತ್ತು ಅವರ ಕಾರು.

ಕಾಕಾ ಜೋಳ ತೊಗರಿಯ ವ್ಯಾಪಾರಿ. ಮಕ್ಕಳಿಲ್ಲ. ಅಪ್ಪ ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವರು ಅವರು ಮತ್ತು ಚಿಗವ್ವ. ಕಾರನ್ನು ಅವರು ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ಕೊಂಡಿದ್ದರು. ಆಗಲೇ ಅದಕ್ಕೆ ನನಗಿಂತ ಹೆಚ್ಚು ವಯಸ್ಸು. ಬಾನೆಟ್ಟು ಎರಡೂ ಕಡೆಯಿಂದ ಎತ್ತುವಂಥದು. ಎತ್ತಿದರೆ ಕಾವು ಕೂತ ಕೋಳಿ ರೆಕ್ಕೆ ಬಿಚ್ಚಿದಂತೆ ಕಾಣುತ್ತಿತ್ತು. ಹ್ಯಾಂಡಲ್ ತಿರುವಿ ಶುರುಮಾಡಬೇಕು, ತಿರುವುವಾಗ ಹೆಬ್ಬೆರಳನ್ನು ದೂರ ಇಡಬೇಕು. ಇದನ್ನು ಕಲಿಯದವರು ಓಣಿಯಲ್ಲಿ ಇಬ್ಬರು ಕೈಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದರು.

ಪರೀಕ್ಷೆ ಮುಗಿಸಿ ಬಂದ ವರ್ಷ, ಮಳೆಗಾಲ ಕಳೆಯುತ್ತಲೇ, ನಾನು ಒಂದು ಹಳೆಯ ಮೋಟಾರು ಪುಸ್ತಕ ಹಿಡಿದು ಆ ಇಂಜಿನ್ನಿನ ದುರಸ್ತಿಗೆ ಇಳಿದೆ. ಸಹಾಯಕ್ಕೆ ದಸ್ತಗೀರ ಚಾಚಾ. ಮಿಲಿಟರಿ ಲಾರಿ ಓಡಿಸಿ ಬಂದವರು, ಕಾಕಾನ ಬಾಲ್ಯದ ಗೆಳೆಯರು, ಊರಿನ ಎಲ್ಲ ಇಂಜಿನ್ನುಗಳ ವೈದ್ಯರು. ಮೂರು ವಾರ ನಾವು ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತೆವು. ಇಂಜಿನ್ನಿನ ತಲೆ ಬಿಚ್ಚಿ ವರ್ಷಗಟ್ಟಲೆ ಕೂತ ಮಸಿ ಕೆರೆದೆವು, ವಾಲ್ವುಗಳನ್ನು ಮಸೆದೆವು, ಪ್ಲಗ್ಗು ತಿಕ್ಕಿದೆವು, ಚಿಗವ್ವನ ಹಿತ್ತಾಳೆ ಬೋಗುಣಿಯಲ್ಲಿ ಪೆಟ್ರೋಲು ಸುರುವಿ ಕಾರ್ಬೊರೇಟರನ್ನು ತೊಳೆದೆವು. ಆ ಬೋಗುಣಿಯಲ್ಲಿ ಮುಂದೆ ಮಾಡಿದ ಹುಗ್ಗಿಗೆ ಬಂದ ವಾಸನೆಯ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಆದರೆ ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲೂ ಇಲ್ಲ. ಮತ್ತೆ ಜೋಡಿಸಿದಾಗ ಇಂಜಿನ್ ಒಂದೇ ತಿರುವಿಗೆ ಹತ್ತಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಒಬ್ಬ ಉಪಯುಕ್ತ ಮನುಷ್ಯನಾಗಿ ಉಳಿಯುತ್ತಿದ್ದೆ.

ನನ್ನ ಕಣ್ಣು ಪಂಖಾದ ಮೇಲೆ ಬಿತ್ತು. ರೇಡಿಯೇಟರಿನ ಹಿಂದೆ ತಿರುಗುವ ನಾಲ್ಕೆಲೆಯ ಕಬ್ಬಿಣದ ಪಂಖಾ. ಅದನ್ನು ತಿರುಗಿಸಲು ಇಂಜಿನ್ನಿನ ಶಕ್ತಿಯೇ ಖರ್ಚಾಗುತ್ತದೆ. ಕಾರು ಓಡುವಾಗ ಗಾಳಿ ಎದುರಿನಿಂದ ತಾನಾಗಿಯೇ ಬರುತ್ತದೆ. ತಾನಾಗಿ ಬರುವುದಕ್ಕೆ ಆಳು ಇಟ್ಟುಕೊಳ್ಳುವುದು ಯಾವ ಬುದ್ಧಿ? ಪಂಖಾ ತೆಗೆದರೆ ಇಂಜಿನ್ ಹಗುರ, ಪೆಟ್ರೋಲು ಉಳಿತಾಯ, ಓಟ ಹೆಚ್ಚು. ಸಂಜೆ ಚಹಾದ ಹೊತ್ತಿಗೆ ವಿಷಯ ಮಂಡಿಸಿದೆ.

ಕಾಕಾನ ವಾದಕ್ಕೆ ತಲೆಬುಡ ಇರುತ್ತಿರಲಿಲ್ಲ. ಒಂದು ಮಾತು ಹಿಡಿದು ಹೊರಟರೆ ನಡುವೆ ಯಾರದೋ ಮದುವೆ, ಯಾವುದೋ ಬಾವಿ, ಸಿಂದಗಿ ಸಂತೆಯಲ್ಲಿ ಕೊಂಡ ಎತ್ತು ಎಲ್ಲ ಬಂದು ಹೋಗುತ್ತಿದ್ದವು. ಆದರೂ ಆ ದಿನ ಅವರು ಒಂದು ಪ್ರಶ್ನೆ ಕೇಳಿದರು.

"ಗಾಳಿ ಹಿಂದಿನಿಂದ ಬಂತಪಾ ಅಂದ್ರ?"

"ಹಿಂದಿನಿಂದ ಬಂದ್ರ ಗಾಡೀನ ನೂಕತೈತಿ ಕಾಕಾ. ನೂಕಿದ್ರ ಇಂಜಿನ್ನಿಗೆ ಕೆಲಸ ಕಡಿಮಿ. ಕೆಲಸ ಕಡಿಮಿ ಆದ್ರ ಕಾವು ಎಲ್ಲಿಂದ ಬರಬೇಕು?"

ಕಾಕಾ ಬಸಿಯಲ್ಲಿ ಉಳಿದ ಚಹಾ ಕುಡಿದರು. ದಸ್ತಗೀರ ಚಾಚಾನ ಕಡೆ ನೋಡಿದರು. ಚಾಚಾ, "ಪಂಖಾ ಇಟ್ಟಾವ ಹುಚ್ಚನೇನು? ನಾ ಅಂತೂ ಬಿಚ್ಚೂದಿಲ್ಲ," ಎಂದರು. ಪಂಖಾ ಇಟ್ಟವನು ಹುಚ್ಚನಲ್ಲ ಎಂಬುದಕ್ಕೆ ನಾನು ಪುರಾವೆ ಕೇಳಿದೆ. ಚಾಚಾನ ಬಳಿ ಇರಲಿಲ್ಲ. ಕಾಕಾ, "ಹಂಗಾದ್ರ ತಗಿಯಪಾ, ಓದಿದಾವ ನೀ," ಎಂದರು. ಕಾಲು ಗಂಟೆಯಲ್ಲಿ ನಾಲ್ಕು ಬೋಲ್ಟು ಬಿಚ್ಚಿ, ಪಂಖಾವನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದೆ. ಚಳಿಗಾಲವೆಲ್ಲ ಸಾಲೋಟಗಿಗೂ ಸಿಂದಗಿಗೂ ಓಡಾಡಿದೆವು. ಕಾರು ಕುದುರೆಯಂತೆ ಓಡಿತು. ನಾನು ದಿನಕ್ಕೆರಡು ಸಲ ಇದನ್ನು ಕಾಕಾನ ಗಮನಕ್ಕೆ ತಂದೆ.

ಬೇಸಿಗೆಯಲ್ಲಿ ಕಾಕಾನಿಗೆ ಹೊಟ್ಟೆಯ ಬೇನೆ ಎದ್ದಿತು. ರೈಲಿನಲ್ಲಿ ಸೊಲ್ಲಾಪುರಕ್ಕೆ ಒಯ್ದು ಆಸ್ಪತ್ರೆಗೆ ಸೇರಿಸಿ ಬಂದೆವು. ಎರಡು ವಾರಕ್ಕೆ, ಗುಣವಾಗಿದೆ, ಕರೆದುಕೊಂಡು ಹೋಗಿ ಎಂದು ಪತ್ರ ಬಂತು. ನಸುಕಿನ ತಂಪಿನಲ್ಲಿ ನಾನೂ ಚಾಚಾನೂ ಕಾರು ತೆಗೆದುಕೊಂಡು ಹೊರಟು ಎಂಟು ಗಂಟೆಗೆ ಸೊಲ್ಲಾಪುರ ಮುಟ್ಟಿದೆವು. ಪತ್ರ ಬರೆದ ಡಾಕ್ಟರೇ ಬಾಗಿಲಲ್ಲಿ ಸಿಕ್ಕರು. ಕಾಕಾ ಒಂದು ತಾಸಿನ ಕೆಳಗೆ ತೀರಿಕೊಂಡಿದ್ದರು. ಹೇಗೆ, ಗುಣವಾಗಿತ್ತಲ್ಲ, ಎಂದು ಕೇಳಬೇಕೆಂದು ಬಾಯಿ ತೆರೆದವನು, ಕೇಳದೆ ಚಾಚಾನ ಹಿಂದೆ ಒಳಗೆ ಹೋದೆ.

ನಮ್ಮ ಮಂದಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂತೇ ಮಣ್ಣಿಗೆ ಹೋಗಬೇಕು. ಮೈ ಸೆಟೆದುಕೊಳ್ಳುವ ಮೊದಲೇ ಚಾಚಾ ನಿಂತು ಕಾಕಾನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿದರು, ರುಮಾಲು ಸುತ್ತಿದರು, ಹಣೆಗೆ ವಿಭೂತಿ ಹಚ್ಚಲು ನನಗೆ ಹೇಳಿದರು, ತಾವು ಪಕ್ಕದಲ್ಲಿ ಕೂತು ಹೆಗಲು ಹಿಡಿದುಕೊಂಡರು. ಇಂಡಿಗೆ ತಂತಿ ಕೊಟ್ಟೆವು. ಆ ಬಿಸಿಲಿನಲ್ಲಿ ದೇಹವನ್ನು ಮರುದಿನಕ್ಕೆ ಇಡುವಂತಿರಲಿಲ್ಲ. ಹೊತ್ತು ಮುಳುಗುವ ಮೊದಲು ಮುಟ್ಟಬೇಕು, ಚಿಗವ್ವ ಮುಖ ನೋಡಬೇಕು, ಮಣ್ಣಾಗಬೇಕು. ಸುಮಾರು ನಲವತ್ತೈದು ಮೈಲಿನ ದಾರಿ. ಕಾಗದಪತ್ರ ಮುಗಿದು ಹೊರಡುವಾಗ ಹನ್ನೊಂದು.

ಝಳಕಿಯವರೆಗೆ ಎರಡೇ ಸಲ ನೀರು ಕುದಿಯಿತು. ಝಳಕಿಯಲ್ಲಿ ದಾರಿ ಇಂಡಿಯ ಕಡೆ, ಮೂಡಣಕ್ಕೆ ಹೊರಳುತ್ತದೆ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ನಾವು ಎಷ್ಟು ವೇಗದಲ್ಲಿ ಹೋಗುತ್ತಿದ್ದೆವೋ ಅಷ್ಟೇ ವೇಗದಲ್ಲಿ ಗಾಳಿಯೂ ನಮ್ಮ ಬೆನ್ನಿಗೆ ಬರುತ್ತಿತ್ತು. ಬಾನೆಟ್ಟಿನ ಮೇಲೆ ಕೂತಿದ್ದ ಒಂದು ಹತ್ತಿಯ ಎಳೆ ಕೂಡ ಅಲುಗಲಿಲ್ಲ. ಎರಡು ಮೈಲಿಗೆ ಒಂದು ಸಲ ರೇಡಿಯೇಟರ್ ಉಗಿ ಕಾರಿ ನಿಲ್ಲತೊಡಗಿತು. ನಾನು ಇಳಿದು, ತಣಿಯುವವರೆಗೆ ಕಾದು, ಕೊಡದ ನೀರು ಸುರುವಿ, ಹ್ಯಾಂಡಲ್ ತಿರುವಿ, ಮತ್ತೆ ಕೂಡುವುದು. ಹಿಂದಿನ ಸೀಟಿನಿಂದ ಪ್ರತಿವಾದವಿಲ್ಲ. ಅಂಥ ಎದುರಾಳಿಯನ್ನು ನಾನು ಎಂದೂ ಕಂಡಿರಲಿಲ್ಲ: ಒಂದು ಮಾತೂ ಆಡದೆ ಪ್ರತಿ ಎರಡು ಮೈಲಿಗೆ ಒಂದು ಅಂಕ ಪಡೆಯುತ್ತಿದ್ದರು.

"ಬ್ಯಾರಿಸ್ಟರ್ರ, ಪಂಖಾ ಎಲ್ಲೈತಿ?" ಎಂದರು ಚಾಚಾ.

"ಮನ್ಯಾಗ."

"ಪಂಖಾ ಹಾಕಬೇಕಂದ್ರ ಇಂಡಿ ಮುಟ್ಟಬೇಕು. ಇಂಡಿ ಮುಟ್ಟಬೇಕಂದ್ರ ಪಂಖಾ ಹಾಕಬೇಕು. ನಿಮ್ಮ ಕಾಲೇಜಿನ್ಯಾಗ ಇದಕ್ಕ ಏನಂತಾರ?"

ಇದಕ್ಕೆ ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಇಳಿದು ಹ್ಯಾಂಡಲ್ ತಿರುವಿದೆ.

ಇಂಡಿ ಐದು ಮೈಲು ಇರುವಾಗ ಕೊಡ ಬರಿದಾಯಿತು. ಹೊಲದ ಅಂಚಿನಲ್ಲಿ ಒಂದು ಗುಡಿಸಲು; ಬಾಗಿಲಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಗಡಿಗೆಗೆ ಹಸಿ ಬಟ್ಟೆ ಸುತ್ತುತ್ತಿದ್ದಳು. ಕಾರಿಗೆ ನೀರು ಬೇಕೆಂದೆ.

"ಮಷೀನಿಗಿ ಬಾಯಾರತೈತೇನ್ರಿ? ಎರಡು ಮೈಲಿಂದ ಹೊತ್ತು ತಂದದ್ದು ಇದು. ಮನಿಷ್ಯಾರಿಗಿ ಬೇಕಂದ್ರ ಕೇಳ್ರಿ, ಕೊಡ್ತೇನಿ."

ನ್ಯಾಯವಾದ ಮಾತು. ನಾನು ಖಂಡಿಸಲು ಸಿದ್ಧನಾಗುವಷ್ಟರಲ್ಲಿ ಅವಳ ಕಣ್ಣು ಕಾರಿನೊಳಗೆ ರುಮಾಲು ಸುತ್ತಿ ಕೂತ ಕಾಕಾನ ಮೇಲೆ ಬಿತ್ತು. "ಅಯ್ಯ, ಹಿರೇರು ಬಿಸಲಾಗ ಬೇಯಾಕತ್ತಾರಲ್ಲ," ಎಂದು ತಂಬಿಗೆ ತುಂಬಿಕೊಂಡು ಬಂದು ಕಿಟಕಿಗೆ ಹಿಡಿದಳು. "ತಗೋರಿ ಯಜಮಾನ್ರ, ಕುಡೀರಿ."

ಎಲ್ಲದಕ್ಕೂ ಸತ್ಯ ಬೇಕೆಂದು ಗದ್ದಲ ಮಾಡಿದವನು ನಾನು. ಸತ್ಯ ಹೇಳಬೇಕಾದ ಹೊತ್ತು ಅದೇ. ನನಗೆ ನೀರು ಬೇಕಿತ್ತು, ಸುಮ್ಮನೆ ನಿಂತೆ. ಅವಳ ಕೈ ಹಾಗೆಯೇ ಇತ್ತು, ತಂಬಿಗೆಯ ನೀರು ಕಾಕಾನ ಮೊಣಕಾಲ ಮೇಲೆ ಒಂದೆರಡು ಹನಿ ಬಿತ್ತು. ಚಾಚಾ ಮೆಲ್ಲಗೆ, "ಅವರಿಗೆ ಸಾಕಾಗೇತವ್ವಾ. ಮುಂಜಾನಿಗೇ ಸಾಕಾಗೇತಿ," ಎಂದರು.

ಅವಳಿಗೆ ತಿಳಿಯಿತು. ಸೆರಗು ಎಳೆದುಕೊಂಡು ತಂಬಿಗೆ ಕೆಳಗಿಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ವಿವರಿಸಲಾರೆ. ಒಳಗೆ ಹೋಗಿ ಗಡಿಗೆಯನ್ನೇ ಹೊತ್ತು ತಂದಳು. "ಮೊದಲ ಹೇಳಬಾರದೇನ್ರಿ," ಎಂದು ಅಷ್ಟನ್ನೂ ತಾನೇ ರೇಡಿಯೇಟರಿಗೆ ಸುರುವಿದಳು. ಅವಳ ಎರಡು ಮೈಲಿನ ನೀರು ಇಂಜಿನ್ನಿನ ಅಡಿಯಿಂದ ಎಣ್ಣೆಯೊಂದಿಗೆ ಬೆರೆತು, ಹಾಲು ಹಾಕಿದ ಚಹಾದ ಬಣ್ಣದಲ್ಲಿ ಹರಿದು ಹೋಯಿತು. ಚಾಚಾ ಬಗ್ಗಿ ನೋಡಿ, "ತಲಿ ಒಡದೈತಿ. ಇದೂ ತೀರ್ಕೊಂತು," ಎಂದರು.

ಅವಳ ಗಂಡ ಹೊಲದಿಂದ ಜೋಡೆತ್ತು ಹೊಡೆದುಕೊಂಡು ಬಂದ. ಮುಂದಿನ ಅಚ್ಚಿಗೆ ಹಗ್ಗ ಬಿಗಿದ. ನಾನು ಸ್ಟೇರಿಂಗ್ ಹಿಡಿದು ಕೂತೆ. "ಬ್ರೇಕು ಗೀಕು ಒತ್ತಬ್ಯಾಡ್ರಿ," ಎಂದ ಆತ, "ಎತ್ತಿಗಿ ದಾರಿ ಗೊತ್ತೈತಿ. ನೀವು ಸುಮ್ಮ ಕುಂದರ್ರಿ." ಐದು ಮೈಲು ಸುಮ್ಮನೆ ಕೂತೆ. ಗಾಳಿ ಹಿಂದಿನಿಂದ ನೂಕುತ್ತಲೇ ಇತ್ತು. ಅಷ್ಟರ ಮಟ್ಟಿಗೆ ನನ್ನ ವಾದ ಸರಿಯಾಗಿತ್ತು.

ಹೊತ್ತು ಇನ್ನೂ ಎರಡು ಮಾರು ಇರುವಾಗ ಊರು ಸೇರಿದೆವು. ಅಗಸಿಬಾಗಿಲಲ್ಲಿ ಜನ ನಿಂತಿದ್ದರು. ಎತ್ತು ಕಟ್ಟಿದ ಕಾರಿನಲ್ಲಿ ನೆಟ್ಟಗೆ ಕೂತು ಸಾವಕಾಶ ಬರುತ್ತಿದ್ದ ಕಾಕಾನನ್ನು ಕಂಡು ಎಲ್ಲರೂ ಕೈಮುಗಿದರು. "ಹುಡುಗ ದೇವರಿಲ್ಲ ದಿಂಡರಿಲ್ಲ ಅಂತಾನ ಅಂತಿದ್ರಿ," ಎಂದರು ಒಬ್ಬ ಹಿರಿಯರು, "ನೋಡ್ರಿ, ಹಿರೇರಿಗೆ ಮೋಟಾರಿನ ಧಡಕಿ ಬ್ಯಾಡಂತ ಎತ್ತು ಹೂಡಿ ತಂದಾನ. ಇಂಥಾ ಭಕ್ತಿ ಮಗಗೂ ಇರೂದಿಲ್ಲ." ನಾನು ಚಾಚಾನ ಕಡೆ ನೋಡಿದೆ. ಚಾಚಾ ಆಕಾಶ ನೋಡಿದರು. ಜೀವನದಲ್ಲಿ ಮೊದಲ ಸಲ ಒಂದು ತಪ್ಪು ಹೇಳಿಕೆಯನ್ನು ಖಂಡಿಸದೆ ತಲೆ ಬಗ್ಗಿಸಿ ಸ್ವೀಕರಿಸಿದೆ. ಅದನ್ನು ಅವರು ವಿನಯವೆಂದು ತಿಳಿದು ಇನ್ನೂ ಹೊಗಳಿದರು. ಆ ವಾರದಲ್ಲೇ ಎರಡು ಮನೆಯವರು, ತಮ್ಮ ಹಿರಿಯರು ತೀರಿದಾಗಲೂ ಕಾರು ಅದೇ ರೀತಿ ಸಿಗಬಹುದೇ ಎಂದು ಕೇಳಿ ಕಳಿಸಿದರು.

ಚಿಗವ್ವ ಕಾಕಾನ ಮುಖ ನೋಡಿದಳು. ಸೆರಗಿನಿಂದ ಧೂಳು ಒರೆಸಿದಳು, ಹುಬ್ಬು, ಮೀಸೆ, ಕಿವಿಯ ಹಿಂದೆ, ಅವಸರವಿಲ್ಲದೆ. ಹೊತ್ತು ಮುಳುಗುತ್ತದೆ ಎಂದು ಯಾರೋ ಹೇಳಿದರು. ಅವಳು ಒರೆಸುವುದು ಮುಗಿಸಿಯೇ ಸರಿದಳು.

ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ಅವಳು ರೊಟ್ಟಿ ಬಡಿಯುತ್ತ ಕೈ ನಿಲ್ಲಿಸಿದಳು.

"ಮನಿ ಭಾಳ ಸುಮ್ಮ ಆಗೇತೋ. ನಿಮ್ಮಿಬ್ಬರ ಗದ್ದಲದಾಗ ರೊಟ್ಟಿ ಬಡದು ರೂಢಿ ನನಗ. ಏನರ ವಾದ ಹಚ್ಚು."

"ಯಾರ ಕೂಡ ಹಚ್ಚಲಿ ಚಿಗವ್ವಾ?"

"ನೀ ಎರಡೂ ಕಡಿ ಮಾತಾಡಾವ ಅಲ್ಲೇನು? ಅವರ ಕಡಿಂದ ಮಾತಾಡು. ಆ ಪಂಖಾದ್ದ ಹೇಳು."

ದಾರಿಯ ಸಂಗತಿ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಎದ್ದು ನಿಂತೆ, ಕೂತು ವಾದಿಸಿ ನನಗೆ ರೂಢಿಯಿಲ್ಲ. ಕಾರಿಗೆ ಪಂಖಾ ಬೇಕೇ ಬೇಕು ಎಂದು ಐದು ಅಂಶ ಮಂಡಿಸಿದೆ. ಪ್ರತಿಯೊಂದಕ್ಕೂ ಪುರಾವೆ ಇತ್ತು. ಗಾಳಿ, ಬಿಸಿಲು, ಏರು, ಕುದಿಯುವ ನೀರು, ಒಡೆದ ತಲೆ. ಅಷ್ಟು ಚೆನ್ನಾಗಿ ನಾನು ಎಲ್ಲಿಯೂ ಮಾತಾಡಿಲ್ಲ. ಎದುರಿಗೆ ಸ್ವತಃ ನಾನೇ ಇದ್ದಿದ್ದರೂ ಉತ್ತರ ಕೊಡಲು ಆಗುತ್ತಿರಲಿಲ್ಲ.

ಚಿಗವ್ವ ಕೊನೆಯವರೆಗೂ ಕೇಳಿದಳು. "ಛಲೋ ಹೇಳಿದಿ," ಎಂದಳು. "ಆದ್ರ ಅವರು ಹಿಂಗ ಹೇಳೋ ಮನಿಷ್ಯಾ ಅಲ್ಲ. ಇಷ್ಟು ಬರೋಬರಿ ಅವರಿಗೆ ಯಾವತ್ತ ಬಂದಿತ್ತು? ಇನ್ನೊಮ್ಮಿ ಹೇಳು. ಚೂರು ಕೆಡಸಿ ಹೇಳು."

ಪ್ರಯತ್ನಿಸಿದೆ. ಮೊದಲ ಅಂಶವನ್ನು ಕೊನೆಗೆ ಹಾಕಿದೆ, ಮೂರನೆಯದನ್ನು ಮರೆತಂತೆ ಮಾಡಿದೆ. ಚಿಗವ್ವ ತಲೆಯಾಡಿಸಿದಳು, ಇನ್ನೂ ಸರಿಯಾಗಿಯೇ ಇತ್ತಂತೆ. ಮೂರು ವಾರ ದುರಸ್ತಿ ಮಾಡಿದ ಇಂಜಿನ್ನನ್ನು ಕೆಡಿಸಲು ನನಗೆ ಕಾಲು ಗಂಟೆ ಸಾಕಾಗಿತ್ತು. ಒಂದು ವಾದವನ್ನು ಕಾಕಾನಷ್ಟು ಚೆನ್ನಾಗಿ ಕೆಡಿಸುವುದು ಮಾತ್ರ ಇನ್ನೂ ಬಂದಿಲ್ಲ. ದಿನಾ ಸಂಜೆ ರೊಟ್ಟಿಯ ಹೊತ್ತಿಗೆ ಕೂತು ಕಲಿಯುತ್ತಿದ್ದೇನೆ.