ವಾಹನ ಸಂಖ್ಯೆ ಮೂರರ ಗಾಳಿಕೊಳವೆಗೆ ಮರಳಿ ತೂತು ಹಾಕುವ ಬಗ್ಗೆ

ಸಂಖ್ಯೆ: ವಾ.ವಿ/ಕೊಳವೆ/ತೂತು-1/ತಾತ್ಕಾಲಿಕ

ಸುತ್ತೋಲೆ

ವಿಷಯ: ಸಂಚಾರಿ ವಸತಿ ವಾಹನದಲ್ಲಿ ನಡೆದ ಅನಧಿಕೃತ ದುರಸ್ತಿಯನ್ನು ರದ್ದುಪಡಿಸುವ ಕುರಿತು.

ಉಲ್ಲೇಖ:
(ಅ) ಫಲಕಗಳನ್ನು ಗೋಡೆಯ ನಟ್ಟನಡುವೆ ಅಳವಡಿಸುವ ಸ್ಥಾಯಿ ಆದೇಶ.
(ಆ) ಚಾಲಕರ ವಿವರಣೆ, ಒಂದು ಹಾಳೆ.
(ಇ) ಅಡುಗೆಯವರ ಮೌಖಿಕ ವಿವರಣೆ, ಬರೆದುಕೊಳ್ಳಲು ಸಾಧ್ಯವಾದಷ್ಟು.

ಸಮೀಕ್ಷಾ ಪ್ರವಾಸದ ಮೂರು ತಿಂಗಳು ಚಾಲಕರೂ ಅವರ ಪತ್ನಿಯಾದ ಅಡುಗೆಯವರೂ ಸದರಿ ವಾಹನದಲ್ಲೇ ವಾಸಿಸತಕ್ಕದ್ದು. ಶೌಚದ ತೊಟ್ಟಿಯ ವಾಸನೆಯನ್ನು ಛಾವಣಿಯಾಚೆಗೆ ಒಯ್ಯುವ ಗಾಳಿಕೊಳವೆಯು ಅಡುಗೆಕಟ್ಟೆಯ ಪಕ್ಕದ ಗೋಡೆಯೊಳಗೆ ಹಾದುಹೋಗಿದೆ. ಆ ಗೋಡೆಗೆ "ಶುದ್ಧ ಗಾಳಿ, ಸದೃಢ ಸಿಬ್ಬಂದಿ" ಎಂಬ ಫಲಕ ಜಡಿಯಲು ಉಪನಿರ್ದೇಶಕರು ಖುದ್ದು ನಿಂತು ಆದೇಶಿಸಿದ್ದರು. ಗೋಡೆಯ ಹಲಗೆಯ ದಪ್ಪ ಅರ್ಧ ಅಂಗುಲ. ಇಲಾಖೆ ಒದಗಿಸಿದ ಸ್ಕ್ರೂ ಎರಡು ಅಂಗುಲ.

ಚಾಲಕರ ವಿವರಣೆ ಇಂತಿದೆ: "ಸಾರ್, ಒಳಗೆ ಪೈಪ್ ಹೋಗಿದೆ, ನಾಲ್ಕು ಬೆರಳು ಈಚೆಗೆ ಹಾಕ್ತೀನಿ ಅಂದೆ. ನಡುವಿಗೇ ಹಾಕಯ್ಯ ಅಂದ್ರು. ಹಾಕ್ದೆ."

ಈ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಕೊಳವೆ ತೂತಾಗಿ ವಾಸನೆ ಒಳಗೆ ಹರಡಿದ ಹಾನಿಗೆ ಸ್ಕ್ರೂ ಕಾರಣ, ಸ್ಕ್ರೂವಿಗೆ ಚಾಲಕರು ಕಾರಣ. ಅದಕ್ಕಿಂತ ಹಿಂದಕ್ಕೆ ಹೋಗುವ ಅಗತ್ಯ ಕಂಡುಬಂದಿರುವುದಿಲ್ಲ.

2. ಚಾಲಕರು ಹಲಗೆ ಬಿಚ್ಚಿ, ತೂತಾದ ಭಾಗವನ್ನು ಗರಗಸದಿಂದ ಕತ್ತರಿಸಿ, ಹೊಸ ತುಂಡು ಕೂರಿಸಿ, ಎರಡೂ ಕಡೆ ಕಪ್ಲಿಂಗ್ ಜಾರಿಸಿ, ಆ ಕೊಳವೆಗೆ ತಕ್ಕ ಅಂಟು ಹಾಕಿ ನಲವತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿರುತ್ತಾರೆ. ಅಂದಾಜುಪಟ್ಟಿಯೇ ತಯಾರಾಗದ ಕೆಲಸ ಮುಗಿಯುವುದು ನಿಯಮಬಾಹಿರ. ದುರ್ವಾಸನೆ ಪೂರ್ತಿ ನಿಂತಿರುವುದನ್ನು ಸಾಕ್ಷ್ಯನಾಶವೆಂದು ಪರಿಗಣಿಸಲಾಗಿದೆ.

3. ಆದ್ದರಿಂದ ಹೊಸ ತುಂಡಿಗೆ ಅದೇ ಜಾಗದಲ್ಲಿ, ಅದೇ ಸ್ಕ್ರೂವಿನಿಂದ ಏಳು ದಿನಗಳೊಳಗೆ ತೂತು ಹಾಕತಕ್ಕದ್ದು. ತೂತು ಬೇಕೆಂದೇ ಕೊರೆದಂತೆ ಕಾಣಕೂಡದು; ಆಕಸ್ಮಿಕವಾಗಿ ಕೊರೆಯತಕ್ಕದ್ದು.

4. ತೂತನ್ನು ಐವರ ಸಮಿತಿಯು ಮೂಸಿ ಪರಿಶೀಲಿಸುವುದು. ವಿಷಯದ ಪೂರ್ವಪರಿಚಯವಿರುವ ಉಪನಿರ್ದೇಶಕರೇ ಅಧ್ಯಕ್ಷರು. ನೆಗಡಿಯಾದ ಸದಸ್ಯರು ಭಿನ್ನಮತ ದಾಖಲಿಸುವಂತಿಲ್ಲ. ಸಮಿತಿಯ ಆರೋಗ್ಯದ ದೃಷ್ಟಿಯಿಂದ ಸಭೆಯನ್ನು ವಾಹನದಿಂದ ಇನ್ನೂರು ಮೀಟರ್ ದೂರದಲ್ಲಿ ನಡೆಸಲಾಗುವುದು.

5. ತೂತು ಬಿದ್ದಂದಿನಿಂದ ಪರಿಶೀಲನೆ ಮುಗಿಯುವವರೆಗೆ ವಾಸನೆಯು ಇಲಾಖೆಯ ಸ್ವತ್ತು. ಅದು ಸೋರಿಹೋಗದಂತೆ ಕಿಟಕಿಗಳನ್ನು ಮುಚ್ಚಿಡತಕ್ಕದ್ದು. ಊದುಬತ್ತಿ ಹಚ್ಚುವುದು, ಬೆಳ್ಳುಳ್ಳಿ ಹುರಿಯುವುದು ಇತ್ಯಾದಿಗಳಿಂದ ಅದನ್ನು ಮರೆಮಾಚಕೂಡದು. ಮೂಗು ಮುಚ್ಚಿಕೊಳ್ಳಲು ಇಚ್ಛಿಸುವವರು ದ್ವಿಪ್ರತಿಯಲ್ಲಿ ಅರ್ಜಿ ಸಲ್ಲಿಸಬಹುದು.

6. ಇದಕ್ಕೆ ಅಡುಗೆಯವರು, "ನಿಮ್ಮ ಸಾಹೇಬ್ರನ್ನ ಒಂದು ಹೊತ್ತು ಇಲ್ಲೇ ಊಟಕ್ಕೆ ಕೂರಿಸ್ರೀ, ಬಡಿಸೋ ಜವಾಬ್ದಾರಿ ನಂದು" ಎಂದು ನುಡಿದಿರುತ್ತಾರೆ. ಆಹ್ವಾನವನ್ನು ವಂದನೆಗಳೊಂದಿಗೆ ನಿರಾಕರಿಸಲಾಗಿದೆ.

7. ಗಡುವಿನೊಳಗೆ ತೂತು ಬೀಳದಿದ್ದಲ್ಲಿ ಚಾಲಕರನ್ನೂ ಅಡುಗೆಯವರನ್ನೂ ಕೆಲಸದಿಂದ ತೆಗೆದುಹಾಕಲಾಗುವುದು. ಹೊಸದಾಗಿ ಬರುವವರು ತೂತು ಹಾಕತಕ್ಕದ್ದು.

ಸಹಿ/-
(ಉಪನಿರ್ದೇಶಕರ ಪರವಾಗಿ, ಉಪನಿರ್ದೇಶಕರು)

ಪ್ರತಿಗಳು:
1. ಸಮಿತಿಯ ಸದಸ್ಯರಿಗೆ, ಕರವಸ್ತ್ರ ಸಹಿತ.
2. ಉಗ್ರಾಣ ಪಾಲಕರಿಗೆ: ಇನ್ನುಳಿದ ಹನ್ನೊಂದು ವಾಹನಗಳಿಗೂ ಫಲಕ ಮತ್ತು ಎರಡಂಗುಲದ ಸ್ಕ್ರೂ ಕಳುಹಿಸುವ ಸೂಚನೆಯೊಂದಿಗೆ.
3. ಅಡುಗೆಯವರಿಗೆ, ಅವರ ತವರಿನ ವಿಳಾಸಕ್ಕೆ. ಅವರು ವಾಹನದ ಎರಡೂ ಬೀಗದ ಕೈಗಳನ್ನು ಸೆರಗಿಗೆ ಕಟ್ಟಿಕೊಂಡು ಹೋಗಿದ್ದು, "ಸಾಹೇಬ್ರ ಮನೆ ಪೈಪಿಗೆ ಮೊದಲು ತೂತು ಬೀಳ್ಲಿ, ಆಮೇಲೆ ಬರ್ತೀನಿ" ಎಂದು ಚೀಟಿ ಬರೆದಿಟ್ಟಿರುತ್ತಾರೆ. ಬಾಗಿಲು ತೆರೆಯುವವರೆಗೆ ಏಳು ದಿನಗಳ ಎಣಿಕೆ ಆರಂಭವಾಗುವುದಿಲ್ಲ.
4. ಚಾಲಕರಿಗೆ, ಅದೇ ವಿಳಾಸಕ್ಕೆ. ಪತ್ನಿಯನ್ನು ಕರೆತರುತ್ತೇನೆಂದು ಹೋದವರು ಅಲ್ಲೇ ಇದ್ದಾರೆ.