ಮೈದುನನ ಮಲಗೂ ಕುಸ್ತಿ

ನಮ್ಮ ಮೈದುನನಷ್ಟು ಚಂದಾಗಿ ನೆಲಕ್ಕ ಬೀಳಾಂವ ನವಲಗುಂದ ತಾಲೂಕಿನ್ಯಾಗ ಇನ್ನೊಬ್ಬ ಇರಲಿಲ್ಲ ನೋಡ್ರಿ! ನಗಬ್ಯಾಡ್ರಿ. ಅಂವ ಎಡವಿ ಬೀಳಾಂವಲ್ಲ, ಕುಡದು ಬೀಳಾಂವಂತೂ ಅಲ್ಲವೇ ಅಲ್ಲ. ಬೇಕಂತನ, ಅಗದಿ ಖುಷಿಲೆ ಬೀಳತಿದ್ದ. ಬಿದ್ದು, ಎರಡೂ ಕಾಲು ಮ್ಯಾಲೆತ್ತಿ, "ಈಗ ಬಾ ನೋಡೂಣು!" ಅಂತ ಎದುರಿನವನ್ನ ಕರೀತಿದ್ದ.

ಅದೂ ಎಂಥಾ ಮನ್ಯಾಗ ಅಂತೀರಿ? ನಮ್ಮ ಮಾವನವರು ಊರ ಗರಡಿಮನಿ ವಸ್ತಾದರು. ಹುಡುಗರಿಗೆ ಕುಸ್ತಿ ಕಲಿಸಿ ಕಲಿಸಿ ಮುದುಕರಾದವರು. ಕುಸ್ತಿ ಕಾಯ್ದೆ ನಿಮಗ ಗೊತ್ತದ: ಬೆನ್ನು ಮಣ್ಣಿಗೆ ಹತ್ತಿತೋ, ಸೋತಿ, ಎದ್ದು ಮನಿಗೆ ನಡಿ. ಮೈದುನ ತನ್ನ ಇಪ್ಪತ್ತನೇ ವಯಸ್ಸಿನ್ಯಾಗ ಆಡಿದ ಮೊದಲನೇ ಕುಸ್ತಿಯೊಳಗ, ಹಲಗಿಯಾಂವ ಇನ್ನೂ ಹಲಗಿ ಕಾಸಿಕೊಳ್ಳೂದ್ರಾಗ ಚಿತ್ ಆಗಿದ್ದನಂತ! ಅವತ್ತಿಂದ ಮಾವನವರು ಮಗನ ಕೂಡ ಮಾತು ಬಿಟ್ಟರು. ಆಮ್ಯಾಲ ನಾ ಸೊಸಿಯಾಗಿ ಬಂದೆ. ಅಪ್ಪ-ಮಗನ ನಡುವ ಟಪಾಲು ಮುಟ್ಟಿಸೂ ಕೆಲಸ ನನಗ ಬಂತು.

"ಅವಗ ಹೇಳವಾ, ಎತ್ತಿಗೆ ನೀರು ಕುಡಸಂತ."

"ಕುಡಿಸೇನಿ ಅಂತ ಹೇಳ್ರಿ ವೈನಿ."

ಇಬ್ಬರ ನಡುವ ಮೂರು ಮೊಳ ಜಾಗಾ ಇರತಿತ್ತು! ನಾ ಮಾತ್ರ ರೊಟ್ಟಿ ಬಡಿಯೂದು ಬಿಟ್ಟು, ಹಿಟ್ಟಿನ ಕೈಲೆ ಹೊರಗ ಬಂದು, ಇಬ್ಬರೂ ಕೇಳಿದ್ದನ್ನ ಇನ್ನೊಮ್ಮೆ ಹೇಳಬೇಕು. ಹಂಚಿನ ಮ್ಯಾಲ ಎಷ್ಟು ರೊಟ್ಟಿ ಸುಟ್ಟವೋ ಏನೋ! ಒಂದಿನ ಸಿಟ್ಟು ಬಂದು ಮೈದುನಗ, "ನಿನಗೇನ ಬೇಕಾಗೇದೋ ಯಪ್ಪಾ?" ಅಂದೆ. "ಅಪ್ಪ ಒಮ್ಮೆ ನನಗ 'ಲೇ' ಅಂದ್ರ ಸಾಕ್ರಿ ವೈನಿ. ಬೈದ್ರೂ ನಡೀತದ," ಅಂದ.

ಎಪ್ಪತ್ತರ ದಶಕದ ಮಾತಿದು. ಅಳ್ನಾವರದ ಕಟ್ಟಿಗಿ ಡಿಪೋದಾಗ ನೌಕರಿ ಹಿಡದ ಮೈದುನ, ಡಿಪೋದ ಕೆಲಸಕ್ಕ ಗೋವಾದ ಬಂದರಿಗೆ ಹೋಗಿ, ಅಲ್ಲಿ ಬ್ರೆಜಿಲ್ ದೇಶದ ಹಡಗಿನಾಂವ ಒಬ್ಬನ ಗೆಳೆತನ ಮಾಡಿದ. ಹಡಗು ರಿಪೇರಿಗೆ ನಿಂತಿತ್ತಂತ. ಎರಡು ತಿಂಗಳು ಸಮುದ್ರದ ಉಸುಕಿನ್ಯಾಗ ಆ ಮನಿಷ್ಯಾ ಇವಗ ತಮ್ಮ ಕಡೆ ಜುಜಿತ್ಸು ಕಲಿಸಿದ. ನೆಲಕ್ಕ ಬಿದ್ದು, ಬಿದ್ದಲ್ಲಿಂದನ ಗೆಲ್ಲೂ ವಿದ್ಯಾ!

"ಅವನ ಭಾಷಾ ಹೆಂಗ ತಿಳೀತೋ?" ಅಂತ ಕೇಳಿದೆ.

"ಭಾಷಾ ಯಾಕ ಬೇಕ್ರಿ ವೈನಿ? ಕುತ್ತಿಗಿ ಹಿಚುಕಿದ್ರ ಯಾವ ದೇಶದವಗಾದ್ರೂ ತಿಳೀತದ!"

ಊರಿಗೆ ಬಂದ ಕೂಡಲೆ ನಮ್ಮ ಮನಿ ಹತ್ತಿ ತುಂಬೂ ಖೋಲ್ಯಾಗ ಕ್ಲಾಸು ತಗದ. ಹತ್ತಿ ಹರವಿ ಮ್ಯಾಲ ತಾಡಪತ್ರಿ ಹಾಸಿದ. ನಡಕ್ಕ ಕಟ್ಟಾಕ ಹೊಸಬರಿಗೆ ಬಿಳೇ ಪಟ್ಟಿ, ಕಲತವರಿಗೆ ನೀಲಿ, ಭಾಳ ಕಲತವರಿಗೆ ಕರೇದು. ಬಿಳೇ ಪಟ್ಟಿಗೆ ನನ್ನ ಲಂಗ ಹರದ. ನೀಲಿಗೆ ಮಾವನವರ ಧೋತರಕ್ಕ ಹಾಕೂ ನೀಲಿ ಡಬ್ಬಿ ಖಾಲಿ ಮಾಡಿದ. ಕರೇ ಪಟ್ಟಿಗೆ ಏನ ಹರೀತಿದ್ದನೋ, ಪುಣ್ಯಾಕ್ಕ ಅಲ್ಲಿತನಕ ಯಾರೂ ಕಲೀಲಿಲ್ಲ! ಫೀ ಅಂದ್ರ ತಿಂಗಳಿಗೊಂದು ಬುಟ್ಟಿ ಶೇಂಗಾ. ಬಂದ ಹನ್ನೊಂದು ಮಂದಿ ಶೇಂಗಾ ತರೂದು ಹೋಗ್ಲಿ, ನಮ್ಮ ಮನಿವನ್ನ ತಿಂದು ಹೋದರು. ಮ್ಯಾಲ ಈ ವಿದ್ಯಾದಾಗ ಕಾಲರ್ ಹಿಡದು ಜಗ್ಗೂದ ಭಾಳ. ಅಂಗಿ ಹರದು ಹರದು, ಹೆಂಡರ ಕಡೆ ಬೈಸಿಕೊಂಡು ಎಲ್ಲಾರೂ ಬಿಟ್ಟರು. ಕಡೀತನಕ ಒಂದಿನಾನೂ ತಪ್ಪಸದ ಬಂದಾಂವ ಊರ ಟೇಲರ ಒಬ್ಬನ!

ಈ ಮಲಗೂ ಕುಸ್ತಿ ಸುದ್ದಿ ಬಾಜೂ ಊರು ಶಲವಡಿಯ ಪೈಲ್ವಾನ ಒಬ್ಬನ ಕಿವಿಗೆ ಬಿತ್ತು. ಒಂದು ರವಿವಾರ ನಮ್ಮ ಕಣದಾಗ ಇಬ್ಬರಿಗೂ ಪಂದ್ಯ ಅಂತ ಠರಾವಾತು. ಊರಿಗೂರ ನೆರೀತು. ಮಾವನವರೂ ಬಂದು ಕಟ್ಟಿ ಮ್ಯಾಲ ಕುಂತರು! "ಅಪ್ಪ ನೋಡಾಕ ಬಂದಾನ್ರಿ ವೈನಿ!" ಅಂದ ಮೈದುನ. ಅವನ ಮಾರಿ ನೀವು ನೋಡಬೇಕಿತ್ತು.

ಪೈಲ್ವಾನ ತೊಡಿ ತಟ್ಟಿದ. ನಮ್ಮಾಂವ ಕೈ ಮುಗದು, ಎರಡು ಹೆಜ್ಜಿ ಮುಂದ ಬಂದು, ಆರಾಮಾಗಿ ಅಂಗಾತ ಮಲಗಿಬಿಟ್ಟ!

ಹಲಗಿ ಢಣಢಣ ಹೊಡದವು. ಮಂದಿ ಹೋ ಅಂತ ಒದರಿತು. ಪೈಲ್ವಾನಗ ರುಮಾಲು ಸುತ್ತಿ, ಹೆಗಲ ಮ್ಯಾಲ ಹೊತ್ತುಕೊಂಡು ಊರ ಅಗಸಿ ಬಾಗಿಲ ಕಡೆ ನಡದಬಿಟ್ಟರು! "ಲೇ, ಇನ್ನೂ ಶುರುನ ಆಗಿಲ್ಲಲೇ!" ಅಂತ ನಮ್ಮಾಂವ ಕಾಲು ಮ್ಯಾಲೆತ್ತಿಕೊಂಡ ಒದರಾಕತ್ತಾನ. ಯಾರು ಕೇಳತಾರ? ಹೆಗಲ ಮ್ಯಾಲಿನ ಪೈಲ್ವಾನ ಪಾಪ ಹಿಂದ ತಿರುಗಿ, "ನಾ ಅವನ್ನ ಮುಟ್ಟೇ ಇಲ್ರೋ!" ಅನ್ನಾಕತ್ತಿದ್ದ.

ಮಾವನವರು ಎದ್ದರು. "ಅವಗ ಹೇಳವಾ, ಬೆನ್ನಿನ ಮಣ್ಣು ಝಾಡಿಸಿಕೋ ಅಂತ." ಅದೊಂದು ಟಪಾಲು ನಾ ಮುಟ್ಟಿಸಲಿಲ್ಲ.

ಮುಂದಿನ ವರ್ಷ ಮಾವನವರು ಬಚ್ಚಲದಾಗ ಜಾರಿಬಿದ್ದರು. ಹಾಸಿಗಿ ಹಿಡದು ತಿಂಗಳಾತು. "ಎಲುಬು ನೆಟ್ಟಗದ, ಇನ್ನ ಎಬ್ಬಿಸಿ ಕುಂಡರಸ್ರಿ," ಅಂದರು ಡಾಕ್ಟರು. ಅವರು ಏಳಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದರು, ಗಂಜಿನೂ ಬ್ಯಾಡಂದರು. "ನನ್ನ ಬೆನ್ನು ನೆಲಕ್ಕ ಹತ್ತಿತವಾ. ಮುಗೀತು," ಅಂದರು. ನಮ್ಮ ಯಜಮಾನರು ಕೈಕಾಲು ಹಿಡದು ಕೇಳಿದರೂ ಜಗ್ಗಲಿಲ್ಲ. ನನಗ ಖರೇನ ಹೆದರಿಕಿ ಆತು.

ಮೈದುನ ಬಂದ. ಅಪ್ಪನ ಬಾಜು ನೆಲಕ್ಕ ತಾನೂ ಅಂಗಾತ ಮಲಗಿದ.

"ವೈನಿ, ಅಪ್ಪಗ ಹೇಳ್ರಿ. ಬೆನ್ನು ನೆಲಕ್ಕ ಹತ್ತಿದ ಮ್ಯಾಲನ ನನ್ನ ಆಟ ಶುರು ಆಗೂದು."

"ಅವಗ ಹೇಳವಾ, ಬಾಯಿ ಮುಚ್ಚಂತ."

"ಎಡಗಾಲು ಮಡಚಂತ ಹೇಳ್ರಿ. ಬಲಗಡೆ ಹೊಳ್ಳಿ, ಮೊಳಕೈ ಊರಂತ ಹೇಳ್ರಿ. ನೋಡ್ರಿ, ಹಿಂಗ."

ಅಂವ ಮಾಡಿ ತೋರಿಸಿದ. ನಾ ಹೇಳಿದೆ. ಮಾವನವರು ಗ್ವಾಡಿ ಕಡೆಯಿಂದ ಹೊಳ್ಳಿ, ಅಂಗಾತಾಗಿ ಮಗನ್ನ ನೋಡಿದರು. ಆಮ್ಯಾಲ ಎಡಗಾಲು ಮಡಚಿದರು. ಮೊಳಕೈ, ಅಂಗೈ, ಸೊಂಟ. ಒಂದೊಂದಾಗಿ, ಮಗ ಮಾಡಿದಂಗ ಮಾಡುತ್ತ ಎದ್ದು ಕುಂತರು! ಆಮ್ಯಾಲ ನಿಲ್ಲಾಕ ಹೋದರು. ಮೈಯೆಲ್ಲಾ ನಡುಗಿ, ಇನ್ನೇನು ಬೀಳಬೇಕು, ಮೈದುನ ಎದಿಗೆ ಅವಚಿ ಹಿಡದ.

"ಗಟ್ಟಿ ಹಿಡಿ, ಲೇ ತಮ್ಮಾ!" ಅಂದರು ಮಾವನವರು.

ಮೈದುನ ರೂಢಿಲೆ ನನ್ನ ಕಡೆ ತಿರುಗಿದ. "ವೈನಿ, ಅಪ್ಪ ಏನಂದ?"

"ನನಗೇನ ಕೇಳತೀಯೋ?" ಅಂದೆ. "ನಿನಗ ಅಂದಾರ."

ಸೆರಗು ಬಾಯಿಗೆ ಹಿಡಕೊಂಡು ಅಡಿಗಿಮನಿಗೆ ಹೋಗಿ ಮನಸಾರೆ ಅತ್ತೆ. ಅವತ್ತಿಂದ ಆ ಮನ್ಯಾಗ ರೊಟ್ಟಿ ಬಡಿಯೂದು ಬಿಟ್ಟು ನಾ ಒಮ್ಮೆಯೂ ಏಳಲಿಲ್ಲ.